ಮನೆ ಶೆಡ್ಡಿನಲ್ಲಿ ಹಳೇ ಬೈಕ್ ಕಟ್ಟೋಕೆ: ಯೆಜ್ಡಿನಾ, ಬುಲೆಟ್ಟಾ, ಆರ್‌ಎಕ್ಸಾ?

ಹಳೇ ಬೈಕ್ ಒಂದನ್ನು ಬಿಚ್ಚಿ, ರಿಪೇರಿ ಮಾಡಿ ಮತ್ತೆ ರಸ್ತೆಗೆ ತರುವ ಆಸೆ ಅಂತ ಹಾಸನದಿಂದ ಒಬ್ಬರು ಬರೆದಿದ್ದರು. ಮನೆ ಹಿಂದೆ ಹತ್ತಡಿ ಎಂಟಡಿಯ ಶೆಡ್ ಇದೆಯಂತೆ. ಶನಿವಾರ ಮಧ್ಯಾಹ್ನದ ಮೇಲೆ ಮತ್ತು ಭಾನುವಾರ ಬಿಡುವು. ಗಾಡಿ, ಕೆಲಸ ಎಲ್ಲ ಸೇರಿ ಒಂದೂಕಾಲು ಲಕ್ಷದೊಳಗೆ ಮುಗಿಯಬೇಕು. ಕಣ್ಣ ಮುಂದೆ ಮೂರು ಗಾಡಿ ಇವೆ. ಓಡುತ್ತಿರುವ ಯೆಜ್ಡಿ ಒಂದು, ಪಳಪಳ ಹೊಳೆಯುವ ಯಮಹಾ ಆರ್‌ಎಕ್ಸ್ 100 ಒಂದು, ಮಾವನ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ನಿಂತಿರುವ ಬುಲೆಟ್ ಒಂದು. "ಎಂಜಿನ್ ಬಿಚ್ಚಿ ಅಭ್ಯಾಸ ಇಲ್ಲ ಸರ್, ಕಲಿಯೋ ಆಸೆ ಇದೆ. ಯಾವುದು ತಗೊಳ್ಳಲಿ?"

ಇಂಥ ಪ್ರಶ್ನೆ ಬಂದಾಗೆಲ್ಲ ನನಗೆ ನನ್ನ ಮೊದಲ ಗಾಡಿ ನೆನಪಾಗುತ್ತದೆ. ಅದೂ ಯೆಜ್ಡಿಯೇ. ಮಾರುವವರ ಮನೆ ಮುಂದೆ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಆ ಎರಡು ಸೈಲೆನ್ಸರಿನ ಸದ್ದು ಕೇಳಿ ನನ್ನ ಬುದ್ಧಿ ಅಲ್ಲೇ ನಿಂತುಹೋಯಿತು. ದುಡ್ಡು ಕೊಟ್ಟು ಓಡಿಸಿಕೊಂಡೇ ಮನೆಗೆ ಬಂದೆ. ಮಾರನೇ ದಿನ ಬೆಳಕಿನಲ್ಲಿ ನೋಡಿದರೆ ಒಂದು ಕಡೆಯ ಟೂಲ್ ಬಾಕ್ಸಿನ ಮುಚ್ಚಳ ಇಲ್ಲ, ಚೈನ್ ಕವರಿನ ಕೆಳಭಾಗ ಇಲ್ಲ, ಹೆಡ್‌ಲೈಟು ಬೇರೆ ಯಾವುದೋ ಗಾಡಿಯದು, ಕಾರ್ಬುರೇಟರೂ ಬೇರೆಯದು. ಎಂಜಿನ್ ಕೆಲಸ ಮೂರು ತಿಂಗಳಲ್ಲಿ ಮುಗಿಯಿತು. ಆ ಸಣ್ಣಪುಟ್ಟ ತಗಡುಗಳನ್ನು ಹುಡುಕೋಕೆ ಹದಿನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಒಂದು ಬುಲೆಟ್ ತಗೊಂಡೆ. ಅದು ಜಾಮ್ ಆಗಿ ನಿಂತಿತ್ತು, ಕಿಕ್ಕರ್ ಅಲ್ಲಾಡುತ್ತಿರಲಿಲ್ಲ. ಆದರೆ ಒಂದು ಬೋಲ್ಟೂ ಕಳೆದಿರಲಿಲ್ಲ. ಐದು ತಿಂಗಳಲ್ಲಿ ರಸ್ತೆಗೆ ಬಂತು.

ಆವತ್ತಿಂದ ನನ್ನ ಲೆಕ್ಕ ಇದು: ಓಡುವ ಗಾಡಿಗಿಂತ ಪೂರ್ತಿ ಇರುವ ಗಾಡಿ ವಾಸಿ. ಎಂಜಿನ್ ಹೇಗಿದ್ದರೂ ನಾವು ಬಿಚ್ಚಿಯೇ ಬಿಚ್ಚುತ್ತೇವೆ. ಹಾಗಿರುವಾಗ ಅದು ಇವತ್ತು ಓಡುತ್ತದೆ ಅನ್ನೋದಕ್ಕೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು?

ಯಾವುದನ್ನು ನೋಡಿ ತೀರ್ಮಾನ ಮಾಡೋದು

ಮೊದಲನೆಯದು ಕಾಗದ. ಸುಮ್ನೆ ಹೇಳುತ್ತಿಲ್ಲ, ಇದೊಂದು ಸರಿ ಇಲ್ಲ ಅಂದರೆ ಮುಂದಿನದು ನೋಡುವ ಅಗತ್ಯವೇ ಇಲ್ಲ. ಖಾಸಗಿ ಗಾಡಿಯ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒಗೆ ಗಾಡಿ ತೋರಿಸಿ, ಫಾರಂ 25 ಕೊಟ್ಟು, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಿಂತ ಗಾಡಿಗಳಲ್ಲಿ ಮುಕ್ಕಾಲು ಪಾಲಿಗೆ ಇದು ಆಗಿರುವುದಿಲ್ಲ. ಅದು ದೊಡ್ಡ ತೊಂದರೆಯಲ್ಲ, ದಂಡ ಮತ್ತು ಹಸಿರು ತೆರಿಗೆ ಕಟ್ಟಿದರೆ ದಾರಿ ಇದೆ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಮಾಲೀಕರ ಸಹಿ ಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರಂ 31. ಬೇರೆ ರಾಜ್ಯದ ಗಾಡಿ ಆದರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಇವೆಲ್ಲ ಓಡಾಟದ ಕೆಲಸ, ಆದರೂ ಆಗುವ ಕೆಲಸ.

ಆಗದ ಕೆಲಸ ಅಂದರೆ ನಂಬರ್ ಹೊಂದದಿರುವುದು. ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಎರಡನ್ನೂ ತಂತಿ ಬ್ರಷ್‌ನಲ್ಲಿ ಉಜ್ಜಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಅಂಕಿಗಳು ಏರುಪೇರಾಗಿದ್ದರೆ, ಸುತ್ತ ಗ್ರೈಂಡರ್ ಹೊಡೆದ ಗುರುತಿದ್ದರೆ, ನಂಬರಿನ ಜಾಗದಲ್ಲಿ ಮಾತ್ರ ಬಣ್ಣ ಹೊಸದಾಗಿದ್ದರೆ, ಕೈ ಮುಗಿದು ಬಂದುಬಿಡಿ. "ನಂಬರ್ ಎಲ್ಲ ಮಾಡಿಸಿಕೊಡ್ತೀನಿ ಬಿಡಿ" ಅನ್ನುವವರ ಹತ್ತಿರ ನಿಲ್ಲಲೇಬೇಡಿ.

50 ವರ್ಷ ದಾಟಿದ ಗಾಡಿ ಆದರೆ ಇನ್ನೊಂದು ದಾರಿ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಗೆ ಬೇರೆ ನಿಯಮ ತಂದಿತು. 20,000 ರೂಪಾಯಿ ಶುಲ್ಕ, ಹತ್ತು ವರ್ಷ ಚಾಲ್ತಿ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಸೇರುತ್ತದೆ. ಆದರೆ ಆ ಪ್ಲೇಟಿನಲ್ಲಿ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಅಂತ ಹೊರಗೆ ತರಬಹುದು ಅಷ್ಟೇ. ತರಕಾರಿ ತರೋಕೆ ಹೋಗುವ ಆಸೆ ಇದ್ದರೆ ಮಾಮೂಲಿ ಆರ್‌ಸಿ ಜೀವಂತವಾಗಿರುವ ಗಾಡಿಯನ್ನೇ ನೋಡಿ.

ಎರಡನೆಯದು ಆಗಲೇ ಹೇಳಿದೆ, ಗಾಡಿ ಪೂರ್ತಿ ಇದೆಯಾ. ಮೂರನೆಯದು, ಕೆಲಸದಲ್ಲಿ ಎಷ್ಟು ಪಾಲು ನಿಮ್ಮ ಕೈಯಲ್ಲಿ ಆಗುತ್ತದೆ, ಎಷ್ಟು ಪಾಲು ಲೇತ್ ಅಂಗಡಿಗೆ ಹೋಗುತ್ತದೆ. ಬೋರಿಂಗ್ (ಸವೆದ ಸಿಲಿಂಡರಿನ ಒಳಮೈ ಕೊರೆದು ಸರಿ ಮಾಡೋದು), ಕ್ರಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಮಾಡುವ ದಂಡ) ಪ್ರೆಸ್ ಮಾಡೋದು, ಕ್ರೋಮ್ ಹಾಕಿಸೋದು, ಇವು ಯಾರ ಮನೆಯಲ್ಲೂ ಆಗುವುದಿಲ್ಲ. ನಾಲ್ಕನೆಯದು ಬಿಡಿಭಾಗ ಸಿಗುತ್ತದಾ, ಸಿಕ್ಕರೂ ಒರಿಜಿನಲ್ಲಾ ಲೋಕಲ್ಲಾ. ಐದನೆಯದನ್ನು ಯಾರೂ ಕೇಳುವುದೇ ಇಲ್ಲ: ಕೆಲಸ ಮುಗಿದ ಮೇಲೆ ಓಡಿಸೋದು ಎಲ್ಲಿ, ಯಾರು? ಊರೊಳಗಿನ ಟ್ರಾಫಿಕ್ಕಿಗಾ, ಭಾನುವಾರ ಸಕಲೇಶಪುರದ ಕಡೆ ಹೋಗಿಬರೋಕಾ, ಮಗಳೂ ಕಲಿಯಲಿ ಅಂತಾನಾ?

ಯೆಜ್ಡಿ, ಜಾವಾ

ನಮ್ಮವರಿಗೆ ಇದರ ಮೇಲೆ ಪ್ರೀತಿ ಜಾಸ್ತಿ, ಕಾರಣವೂ ಇದೆ. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಬಂತು. ಮೈಸೂರಿನಲ್ಲಿ ಈಗಲೂ ಪ್ರತಿ ಬೀದಿಯಲ್ಲೂ ಒಬ್ಬರ ಮನೆಯಲ್ಲಿ ಇದರ ಕಥೆ ಇರುತ್ತದೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರ ಕೈ ಪಳಗಿದ ಮೆಕ್ಯಾನಿಕ್‌ಗಳೂ ಅಲ್ಲಿ ಸಿಗುತ್ತಾರೆ. ಇದು ಸಣ್ಣ ಅನುಕೂಲವಲ್ಲ.

250 ಸಿಸಿ, ಒಂದೇ ಸಿಲಿಂಡರ್, ಟೂ ಸ್ಟ್ರೋಕ್, ನಾಲ್ಕು ಗೇರು. ಟೂ ಸ್ಟ್ರೋಕ್ ಅಂದರೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಗೇರ್ ಇಲ್ಲ. ಹೆಡ್ಡಿನ (ಸಿಲಿಂಡರಿನ ಮೇಲಿನ ಮುಚ್ಚಳದ) ನಟ್ಟು ಬಿಚ್ಚಿ ಹೆಡ್ ಎತ್ತಿದರೆ ಪಿಸ್ಟನ್ ಕಣ್ಣ ಮುಂದೆ. ಮೊದಲ ಸಲ ಎಂಜಿನ್ ಮುಟ್ಟುವವರಿಗೆ ಇದಕ್ಕಿಂತ ಸರಳ ಪಾಠ ಇಲ್ಲ. ಬ್ಲಾಕ್ (ಸಿಲಿಂಡರ್) ಎತ್ತಿ, ಪಿಸ್ಟನ್ನಿನ ರಿಂಗ್ ನೋಡಿ, ಬೋರಿನಲ್ಲಿ ಗೀರು ಇದ್ದರೆ ಬೋರಿಂಗಿಗೆ ಕೊಟ್ಟು ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಮೇಲ್ಭಾಗ ಮುಗಿಯಿತು.

ಕಷ್ಟ ಇರೋದು ಕೆಳಗೆ. ಟೂ ಸ್ಟ್ರೋಕಿನಲ್ಲಿ ಕ್ರಾಂಕ್‌ಕೇಸ್ (ಕ್ರಾಂಕ್ ಕೂರುವ ಪೆಟ್ಟಿಗೆ) ಗಾಳಿ ಬಿಗಿಯಾಗಿರಬೇಕು, ಪೆಟ್ರೋಲೂ ಗಾಳಿಯೂ ಮೊದಲು ಅಲ್ಲಿಗೇ ಬರುತ್ತವೆ. ಅದನ್ನು ಬಿಗಿಯಾಗಿಡುವುದು ಕ್ರಾಂಕಿನ ಎರಡೂ ತುದಿಯ ಆಯಿಲ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ಅಪ್ಪಳದ ಹಾಗೆ ಆಗಿರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನೇ ಎಳೆದು ಕುಡಿಯುತ್ತದೆ. ಬೆಳ್ಳಗೆ ದಟ್ಟ ಹೊಗೆ, ಎಷ್ಟು ಓಡಿಸಿದರೂ ನಿಲ್ಲುವುದಿಲ್ಲ. ಗೇರ್ ಆಯಿಲ್ ಸೋರದೆಯೇ ಕಡಿಮೆಯಾಗುತ್ತಿದ್ದರೆ ಇದೇ ಅಂತ ತಿಳಿಯಿರಿ. ಇನ್ನೊಂದು ಕಡೆಯದು ಹೋದರೆ ಗಾಳಿ ಎಳೆದುಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಸೀಲಿನ ಬೆಲೆ ಏನೂ ಇಲ್ಲ. ಹಾಕುವಾಗ ಅಂಚು ಮಡಚಿಕೊಳ್ಳದ ಹಾಗೆ ಕೂರಿಸೋದೇ ಕೈಚಳಕ. ಕನೆಕ್ಟಿಂಗ್ ರಾಡ್ ಸವೆದಿದ್ದರೆ ಮಾತ್ರ ಕ್ರಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಮತ್ತೆ ಸೇರಿಸಿ ನೇರ ಮಾಡಿಸಬೇಕು. ಅದು ಅನುಭವಸ್ಥರ ಕೆಲಸ. ಕಡಿಮೆಗೆ ಮಾಡಿಕೊಡ್ತೀನಿ ಅನ್ನುವವರಿಗೆ ಕೊಟ್ಟು ನಾನು ಒಮ್ಮೆ ಎರಡೆರಡು ಸಲ ದುಡ್ಡು ಕಟ್ಟಿದ್ದೇನೆ.

ಕಿಕ್ಕೂ ಗೇರೂ ಒಂದೇ ಲಿವರ್ ಅನ್ನೋದು ಇದರ ಮಜಾ. ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಕಿಕ್ಕರ್, ಮುಂದಕ್ಕೆ ಬಂದರೆ ಗೇರ್. ಲಿವರ್ ಕೂರುವ ಶಾಫ್ಟಿನ ಹಲ್ಲು ಸವೆದಿದೆಯಾ ಅಂತ ಕೊಳ್ಳುವಾಗಲೇ ನೋಡಿ. ಹಳೇ ಮಾಡೆಲ್‌ಗಳದು 6 ವೋಲ್ಟ್ ಡೈನಮೊ. ಬ್ಯಾಟರಿ ಕೈಕೊಟ್ಟರೆ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ರಾತ್ರಿ ಹೆಡ್‌ಲೈಟಿನ ಬೆಳಕು ಹಣತೆಯಷ್ಟು. 12 ವೋಲ್ಟಿಗೆ ಬದಲಿಸುವವರೂ ಇದ್ದಾರೆ.

ಬಿಡಿಭಾಗದ ಮಾತಿಗೆ ಬಂದರೆ, ಪಿಸ್ಟನ್, ಸೀಲ್, ಕ್ಲಚ್ ಪ್ಲೇಟ್, ಕೇಬಲ್ ಎಲ್ಲ ಸಿಗುತ್ತವೆ. ತಗಡಿನ ಭಾಗಗಳೂ ಹೊಸದಾಗಿ ಮಾಡಿದ್ದು ಸಿಗುತ್ತವೆ, ಆದರೆ ತೂತು ಕೂಡುವುದಿಲ್ಲ, ಅರ್ಧ ಇಂಚು ಆಚೀಚೆ ಇರುತ್ತವೆ. ಹೊಸ ಜಾವಾ, ಹೊಸ ಯೆಜ್ಡಿ ಬಂದಿದೆಯಲ್ಲ, ಅದರ ಪಾರ್ಟ್ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಅವು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್. ಹೆಸರು ಮಾತ್ರ ಒಂದೇ. ಇನ್ನು ಜಾವಾದ ಹಳೇ ಮಾಡೆಲ್ಲಿನ ಟ್ಯಾಂಕಿನ ಪಕ್ಕಕ್ಕೆ ಕ್ರೋಮ್ ಇರುತ್ತದೆ. ಅದು ಎದ್ದಿದ್ದರೆ ಒಳ್ಳೆ ಪ್ಲೇಟಿಂಗ್ ಮಾಡಿಸೋದಕ್ಕೆ ಬಣ್ಣದ ಎರಡರಷ್ಟಾದರೂ ತೆಗೆದಿಡಿ.

ಯಾರಿಗೆ ಸರಿ? ಮೈಸೂರು, ಬೆಂಗಳೂರಿನ ಸುತ್ತಮುತ್ತ ಇರುವವರಿಗೆ, ಮನೆಯಲ್ಲೇ ಈ ಗಾಡಿ ಇದ್ದವರಿಗೆ, ಟೂಟಿ ಆಯಿಲಿನ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿಗೆ ಬೆರೆಸುವ ಆಯಿಲ್) ವಾಸನೆ ಸಹಿಸುವ ಮನೆಯವರಿಗೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರಿಗೆ 30ರಿಂದ 40 ಮಿಲಿ ಆಯಿಲ್ ಅಳೆದು ಹಾಕುವ ತಾಳ್ಮೆಯೂ ಬೇಕು.

ಆರ್‌ಎಕ್ಸ್ 100

1985ರಿಂದ 1996ರವರೆಗೆ ಬಂದ ಯಮಹಾ. ನೂರು ಕೆಜಿ ಆಸುಪಾಸಿನ ಗಾಡಿಗೆ 11 ಬಿಎಚ್‌ಪಿ. ಇವತ್ತಿನ ಹುಡುಗರೂ ಇದಕ್ಕೆ ಯಾಕೆ ಬಾಯಿ ಬಿಡುತ್ತಾರೆ ಅಂತ ಒಂದು ಸಲ ಓಡಿಸಿದರೆ ಗೊತ್ತಾಗುತ್ತದೆ.

ಬಿಚ್ಚಿ ಕಟ್ಟೋಕೆ ಮೂರರಲ್ಲಿ ಇದೇ ಸುಲಭ. ಎಂಜಿನ್ ಒಬ್ಬರೇ ಎತ್ತಿ ಟೇಬಲ್ ಮೇಲೆ ಇಡಬಹುದು. 98 ಸಿಸಿಯ ಪುಟ್ಟ ಬ್ಲಾಕ್. ಎಂಟಡಿ ಹತ್ತಡಿ ಬೇಡ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ಕೆಲಸ ಆಗುತ್ತದೆ. (ಹೆಂಡತಿಯ ಒಪ್ಪಿಗೆ ನಿಮ್ಮ ಜವಾಬ್ದಾರಿ.) ಕ್ರಾಂಕ್ ಸೀಲಿನ ಕಥೆ ಇಲ್ಲೂ ಅದೇ. ಇದರಲ್ಲಿ ಆಯಿಲಿಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಇದೆ. ಹಳೇ ಗಾಡಿಗಳಲ್ಲಿ ಪಂಪನ್ನು ಕಿತ್ತು ಹಾಕಿ ಪೆಟ್ರೋಲಿಗೇ ಆಯಿಲ್ ಸುರಿದು ಓಡಿಸುತ್ತಿರುತ್ತಾರೆ. ಪಂಪ್ ಇದೆಯಾ, ಇದ್ದರೆ ಕೆಲಸ ಮಾಡುತ್ತಿದೆಯಾ ಅಂತ ಮೊದಲು ಕೇಳಿ. ಇದೆ ಅಂದುಕೊಂಡು ಬರೀ ಪೆಟ್ರೋಲ್ ಹಾಕಿ ಹೊರಟರೆ ಮುಂದಿನ ಊರು ಮುಟ್ಟೋದರೊಳಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಒಂದು ಸಣ್ಣ ವಿಷಯ, ಆದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಎಂಜಿನ್ ಕವರಿನ ಸ್ಟಾರ್ ಸ್ಕ್ರೂಗಳು ಜಪಾನಿ ಅಳತೆಯವು. ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಕೂತ ಹಾಗೆ ಕಾಣುತ್ತದೆ, ತಿರುಗಿಸಿದರೆ ಜಾರಿ ತಲೆಯನ್ನು ಹರಿದುಹಾಕುತ್ತದೆ. ಆಮೇಲೆ ಡ್ರಿಲ್ ಹೊಡೆಯಬೇಕು. ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದು ತಗೊಂಡು, ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ಎರಡು ಏಟು ಕೊಟ್ಟು ನೋಡಿ. 'ಟಕ್' ಅಂತ ಬಿಡುತ್ತದಲ್ಲ, ಆ ಸದ್ದು ಕೇಳಿದರೆ ಊಟ ಬೇಡ.

ಇಷ್ಟು ಒಳ್ಳೆಯದಿದ್ದ ಮೇಲೆ ತೊಂದರೆ ಏನು? ಬೆಲೆ. ಚೆನ್ನಾಗಿರುವ ಗಾಡಿ ಲಕ್ಷ ದಾಟುತ್ತದೆ. ಹೊಳೆಯುವ ಗಾಡಿಯಲ್ಲಿ ದುಡ್ಡು ಆಗಲೇ ಬಣ್ಣಕ್ಕೂ ಸ್ಟಿಕ್ಕರಿಗೂ ಖರ್ಚಾಗಿರುತ್ತದೆ, ನೀವು ಅದನ್ನು ಕೊಟ್ಟು ಮತ್ತೆ ಎಂಜಿನ್ ಬಿಚ್ಚಬೇಕು. ಬೇಡಿಕೆ ಜಾಸ್ತಿ ಇರುವ ಕಡೆ ಕಳ್ಳ ಮಾಲೂ ಜಾಸ್ತಿ. ನಂಬರ್ ಪಂಚ್ ಮಾಡಿದ ಗಾಡಿ, ಆರ್‌ಎಕ್ಸ್ 135ರ ಎಂಜಿನ್ ಕೂರಿಸಿದ ಗಾಡಿ, ಎರಡು ಗಾಡಿ ಸೇರಿಸಿ ಒಂದು ಮಾಡಿದ್ದು, ಎಲ್ಲ ತಿರುಗುತ್ತಿವೆ. ಬಿಡಿಭಾಗ ಬೇಕಾದಷ್ಟು ಸಿಗುತ್ತದೆ, ಆದರೆ 'ಒರಿಜಿನಲ್ ಜಪಾನ್' ಅಂತ ಡಬ್ಬಿ ಮೇಲೆ ಬರೆದಿದ್ದನ್ನು ನಂಬಿದರೆ ಜೇಬಿಗೆ ಕತ್ತರಿ. ಮತ್ತೆ, ಕಟ್ಟಿದ ಮೇಲೆ ಇದನ್ನು ರಸ್ತೆ ಬದಿ ನಿಲ್ಲಿಸಿ ಕಾಫಿ ಕುಡಿಯೋಕೆ ಹೋಗಬೇಡಿ. ಬೀಗ ಹಾಕುವ ಶೆಡ್ ಇಲ್ಲದವರಿಗೆ ನಾನು ಆರ್‌ಎಕ್ಸ್ ಹೇಳುವುದೇ ಇಲ್ಲ.

ಹಳ್ಳಿಯ ಮನೆಯಲ್ಲಿ ಒಬ್ಬರೇ ಮಾಲೀಕರು ಇಟ್ಟುಕೊಂಡ, ಬಣ್ಣ ಮಾಸಿದ, ಹೊಳೆಯದ ಆರ್‌ಎಕ್ಸ್ ಸಿಕ್ಕರೆ ಮಾತ್ರ ಕಣ್ಣು ಮುಚ್ಚಿ ತಗೊಳ್ಳಿ. ಕಾಗದ ನೋಡುವಾಗ ಕಣ್ಣು ತೆರೆಯಿರಿ.

ಬುಲೆಟ್

ನಾನು ಹೇಳುತ್ತಿರುವುದು ಹಳೇ ಕಾಸ್ಟ್ ಐರನ್ ಎಂಜಿನ್ನಿನ 350. 1955ರಿಂದ ಮದ್ರಾಸಿನಲ್ಲಿ ಕಟ್ಟಲು ಶುರು ಮಾಡಿ, ಸಣ್ಣಪುಟ್ಟ ಬದಲಾವಣೆಯಲ್ಲೇ ಈ ಶತಮಾನದವರೆಗೂ ಎಳೆದುಕೊಂಡು ಬಂದ ಎಂಜಿನ್. ಇದರ ದೊಡ್ಡ ಲಾಭ ಅದೇ. ಅಷ್ಟು ವರ್ಷ ಒಂದೇ ಥರ ಇದ್ದಿದ್ದರಿಂದ ಬಿಡಿಭಾಗ ಚಿಕ್ಕ ತಾಲ್ಲೂಕಿನಲ್ಲೂ ಸಿಗುತ್ತದೆ. ಬೆಂಗಳೂರಿನ ಜೆಸಿ ರಸ್ತೆ, ಕಲಾಸಿಪಾಳ್ಯದ ಕಡೆ ಹೋದರೆ ಒಂದು ಮಧ್ಯಾಹ್ನದಲ್ಲಿ ಪಟ್ಟಿ ಪೂರ್ತಿ ಆಗುತ್ತದೆ.

ಇದು ಫೋರ್ ಸ್ಟ್ರೋಕ್, ಹಾಗಾಗಿ ವಾಲ್ವ್, ಅದನ್ನು ಆಡಿಸುವ ಪುಶ್‌ರಾಡ್, ನಡುವಿನ ಸಂದು ಸರಿ ಮಾಡುವ ಟ್ಯಾಪೆಟ್ ಎಲ್ಲ ಇವೆ. ಕಲಿಯೋದು ಜಾಸ್ತಿ. ಆದರೆ ಎಲ್ಲ ದೊಡ್ಡದು, ಕೈಗೆ ಸಿಗುವಂಥದ್ದು. ಟ್ಯಾಂಕ್ ಇಳಿಸಿದರೆ ಎಂಜಿನ್ ಫ್ರೇಮಿನಲ್ಲೇ ಇದ್ದಾಗ ಹೆಡ್ ಎತ್ತಬಹುದು. ಟ್ಯಾಪೆಟ್ ಸರಿ ಮಾಡೋಕೆ ಗೇಜ್ ಕೂಡ ಬೇಡ. ಎಂಜಿನ್ ತಣ್ಣಗಿರುವಾಗ ಪಿಸ್ಟನ್ ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವ ಜಾಗದಲ್ಲಿ ನಿಲ್ಲಿಸಿ, ಪುಶ್‌ರಾಡನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಅಷ್ಟೇ. ಇದನ್ನು ನನಗೆ ಹೇಳಿಕೊಟ್ಟ ಮೇಸ್ತ್ರಿ, ಜಪಮಣಿ ತಿರುಗಿಸಿದ ಹಾಗೆ ಇರಬೇಕು ಅನ್ನುತ್ತಿದ್ದರು.

ನಿಂತ ಬುಲೆಟ್ಟನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ನೋಡಿ ಹೆದರಬೇಡಿ. ತಿಂಗಳುಗಟ್ಟಲೆ ನಿಂತಾಗ ಆಯಿಲ್ ತನ್ನ ಜಾಗದಿಂದ ಇಳಿದು ಕ್ರಾಂಕ್ ಕೆಳಗೆ ಸೇರಿಕೊಂಡಿರುತ್ತದೆ. ಹಳೇ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿಯೇ ಕಿಕ್ ಹೊಡೆಯಬೇಕು. ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ಹತ್ತಿ ಕುಣಿಯಬೇಡಿ. ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಒಂದಿಷ್ಟು ಒಳಗೆ ಸುರಿದು, ಒಂದು ವಾರ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸಿ. ನನ್ನದು ಒಂಬತ್ತನೇ ದಿನಕ್ಕೆ ಬಿಟ್ಟಿತು.

ತೊಂದರೆಗಳೂ ಇವೆ. 160 ಕೆಜಿ ದಾಟುವ ಗಾಡಿ, ಎಂಜಿನ್ ಇಳಿಸೋಕೆ ಇಬ್ಬರು ಬೇಕು. ಹಳೇ ಗಾಡಿಗಳಲ್ಲಿ ಇಂಗ್ಲಿಷ್ ಅಳತೆಯ ಬೋಲ್ಟುಗಳು ಮಧ್ಯೆ ಮಧ್ಯೆ ಬರುತ್ತವೆ. ಮಿಲಿಮೀಟರ್ ಪಾನಾ ಹಾಕಿ ಬಲವಂತ ಮಾಡಿದರೆ ಬೋಲ್ಟಿನ ಮೂಲೆ ಉರುಟಾಗುತ್ತದೆ. ಆಯಿಲ್ ಸೋರಿಕೆ ಪೂರ್ತಿ ನಿಂತ ಕಾಸ್ಟ್ ಐರನ್ ಬುಲೆಟ್ಟನ್ನು ನಾನು ಕಂಡಿಲ್ಲ, ಕೆಳಗೆ ಒಂದು ರಟ್ಟು ಹಾಸಿಬಿಡಿ. ಗೇರ್ ಬಲಗಾಲಲ್ಲಿ, ಬ್ರೇಕ್ ಎಡಗಾಲಲ್ಲಿ. ಮನೆಯಲ್ಲಿ ಬೇರೆ ಗಾಡಿಯೂ ಓಡಿಸುವವರು ಮೊದಲ ತಿಂಗಳು ಖಾಲಿ ರಸ್ತೆಯಲ್ಲೇ ಅಭ್ಯಾಸ ಮಾಡಬೇಕು. ಆತುರದಲ್ಲಿ ಬ್ರೇಕ್ ಅಂದುಕೊಂಡು ಗೇರ್ ತುಳಿದಿದ್ದು ನನಗೆ ಗೊತ್ತು.

ಉಳಿದ ಎರಡು ಮಾತು

ಆರ್‌ಡಿ 350 ಬಗ್ಗೆ ಕೇಳುವವರಿದ್ದಾರೆ. ಎಂಬತ್ತರ ದಶಕದ ರಾಜದೂತ್ 350, ಎರಡು ಸಿಲಿಂಡರ್, ಆರು ಗೇರು. ಹೆಚ್‌ಟಿ (ಹೈ ಟಾರ್ಕ್) ಮಾಡೆಲ್ಲಿಗೆ ಮೂವತ್ತು ಚಿಲ್ಲರೆ ಬಿಎಚ್‌ಪಿ, ಆ ಕಾಲಕ್ಕೆ ಅದು ರಾಕ್ಷಸ. ಗಾಡಿಗೇ ಹಲವು ಲಕ್ಷ, ಬಿಡಿಭಾಗಕ್ಕೆ ಹೊರದೇಶದಿಂದ ತರಿಸಬೇಕು. ಮೊದಲ ಗಾಡಿಗೆ ಇದು ಮೂಗಿಗಿಂತ ಮೂಗುತಿ ಭಾರ. ಎರಡು ಗಾಡಿ ಕಟ್ಟಿ ಆಮೇಲೆ ಯೋಚಿಸಿ.

ದುಡ್ಡು ತೀರಾ ಕಡಿಮೆ, ಕಲಿಯುವ ಆಸೆ ಮಾತ್ರ ಜಾಸ್ತಿ ಅನ್ನುವವರಿಗೆ ನಾನು ಹೇಳೋದು ಹೀರೋ ಹೋಂಡಾ ಸಿಡಿ 100. 1985ರ ಗಾಡಿ, 97 ಸಿಸಿ. ಯಾರೂ ತಿರುಗಿ ನೋಡುವುದಿಲ್ಲ, ಅದಕ್ಕೇ ಅಗ್ಗ. ಎಂಜಿನ್ ಭಾಗಗಳಿಗೆ ಬರವಿಲ್ಲ. ಕೆಟ್ಟರೂ ಕಳೆದುಕೊಳ್ಳೋದು ಕಡಿಮೆ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಯಾರು ಬೇಕಾದರೂ ಓಡಿಸಬಹುದು, ಮೈಲೇಜೂ ಕೊಡುತ್ತದೆ. ಫೋಟೋ ಹಾಕಿದರೆ ಲೈಕ್ ಬರಲ್ಲ, ಅಷ್ಟೇ.

ದುಡ್ಡಿನ ಲೆಕ್ಕ, ಟೂಲ್ಸು, ಶೆಡ್ಡು

ನನ್ನ ಅನುಭವದ ಲೆಕ್ಕ ಹೇಳುತ್ತೇನೆ. ಕೈಯಲ್ಲಿ ನೂರು ರೂಪಾಯಿ ಇದ್ದರೆ ನಲವತ್ತಕ್ಕಿಂತ ಜಾಸ್ತಿ ಗಾಡಿಗೆ ಕೊಡಬೇಡಿ. ಇಪ್ಪತ್ತೈದು ಎಂಜಿನ್ನಿಗೆ, ಹದಿನೈದು ಬಣ್ಣ ಮತ್ತು ಕ್ರೋಮಿಗೆ, ಹತ್ತು ಟೂಲ್ಸಿಗೆ. ಉಳಿದ ಹತ್ತನ್ನು ಮುಟ್ಟಬೇಡಿ. ಅದು ತಾನಾಗೇ ಹೋಗುತ್ತದೆ.

ಬಜೆಟ್ ಸಾಲದಿದ್ದರೆ ಬಣ್ಣವನ್ನು ಬಿಡಿ, ಬ್ರೇಕನ್ನು ಬಿಡಬೇಡಿ. ಎಂಜಿನ್, ಬ್ರೇಕ್, ಟೈರ್, ವೈರಿಂಗ್ ಈ ವರ್ಷ, ಬಣ್ಣ ಮುಂದಿನ ವರ್ಷ ಅಂತ ಭಾಗ ಮಾಡಿಕೊಂಡರೆ ಮಧ್ಯೆ ಓಡಿಸುವ ಖುಷಿಯೂ ಸಿಗುತ್ತದೆ. ಪೂರ್ತಿ ಬಿಚ್ಚಿ ಫ್ರೇಮ್ ಬಣ್ಣಕ್ಕೆ ಕೊಟ್ಟು, ಡಬ್ಬಿಗಳಲ್ಲಿ ನಟ್ಟು ತುಂಬಿಟ್ಟು, ಮಗುವಿನ ಪರೀಕ್ಷೆ ಬಂತು, ಮಳೆಗಾಲ ಬಂತು ಅಂತ ಹಾಗೇ ಬಿಟ್ಟ ಗಾಡಿಗಳೇ ಗುಜರಿಗೆ ಹೋಗೋದು. ಒರಿಜಿನಲ್ ಬಣ್ಣ ಅರ್ಧ ಉಳಿದಿದ್ದರೂ ಪಾಲಿಶ್ ಮಾಡಿ ಹಾಗೇ ಇಡಿ ಅಂತ ನನ್ನ ಅಭಿಪ್ರಾಯ. ಮಲೆನಾಡಿನವರು ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಮಾತೇ ಎತ್ತಬೇಡಿ. ಉಜ್ಜಿದ ತಗಡು ರಾತ್ರಿ ಬೆಳಗಾಗೋದರೊಳಗೆ ಕೆಂಪಾಗಿರುತ್ತದೆ.

ಟೂಲ್ಸಿನಲ್ಲಿ ಅಗ್ಗದ ದೊಡ್ಡ ಸೆಟ್ ಬೇಡ. ಒಳ್ಳೆಯ ರಿಂಗ್ ಪಾನಾ ಸೆಟ್, ಟಿ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಇಂಪ್ಯಾಕ್ಟ್ ಡ್ರೈವರ್, ಮತ್ತು ನಿಮ್ಮ ಗಾಡಿಗೆ ತಕ್ಕ ಮ್ಯಾಗ್ನೆಟ್ ಪುಲ್ಲರ್, ಕ್ಲಚ್ ಪುಲ್ಲರ್ (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಟೂಲ್). ಪುಲ್ಲರ್ ಇಲ್ಲದೆ ಉಳಿ ಸುತ್ತಿಗೆ ಹಿಡಿದವರು ಕ್ರಾಂಕ್‌ಕೇಸ್ ಒಡೆದುಕೊಂಡಿದ್ದಾರೆ. ಬಿಚ್ಚುವಾಗ ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ನಟ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಮೇಲೆ ಚೀಟಿ ಅಂಟಿಸಿ. ಶೆಡ್ ಪಕ್ಕದಲ್ಲಿ ಗ್ಯಾಸ್ ಗೀಸರ್ ಇದ್ದರೆ, ದೇವರ ದೀಪ ಇದ್ದರೆ, ಅಲ್ಲಿ ಪೆಟ್ರೋಲಿನಲ್ಲಿ ಪಾರ್ಟ್ ತೊಳೆಯಬೇಡಿ. ಡೀಸೆಲ್ ಸಾಕು, ಅದೂ ಬಾಗಿಲು ತೆರೆದಿಟ್ಟು.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಈ ಗಾಡಿಗಳು ಹುಟ್ಟಿದಾಗ ಅದು ಇರಲಿಲ್ಲ. ಹಳೇ ರಬ್ಬರ್ ಉಬ್ಬುತ್ತದೆ, ನೀರು ಎಳೆದುಕೊಂಡು ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತದೆ. ಯಾವ ಗಾಡಿ ತಗೊಂಡರೂ ಪೆಟ್ರೋಲ್ ಪೈಪ್, ಕಾರ್ಬುರೇಟರಿನ ರಬ್ಬರ್, ಟ್ಯಾಪಿನ ವಾಷರ್ ಹೊಸದು ಹಾಕಿ. ತಿಂಗಳು ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ.

ಹಾಸನದವರಿಗೆ

ನಿಮ್ಮ ಮೂರು ಗಾಡಿಗೆ ಬರೋಣ. ಫೋಟೋ ನೋಡಿದೆ. ಯೆಜ್ಡಿ ಓಡುತ್ತದೆ ಸರಿ, ಆದರೆ ಎರಡೂ ಕಡೆಯ ಪ್ಯಾನೆಲ್ ಇಲ್ಲ, ಆರ್‌ಸಿ 'ಎಲ್ಲೋ ಇದೆ' ಅನ್ನುತ್ತಿದ್ದಾರೆ. ಆರ್‌ಸಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಆರ್‌ಎಕ್ಸ್‌ಗೆ ಕೇಳಿದ ಬೆಲೆಯಲ್ಲೇ ನಿಮ್ಮ ಬಜೆಟ್ ಮುಗಿಯುತ್ತದೆ. ಎಂಜಿನ್ ನಂಬರಿನ ಜಾಗದಲ್ಲಿ ಮಾತ್ರ ಬೆಳ್ಳಿ ಬಣ್ಣ ಯಾಕೆ ಹೊಸದಾಗಿದೆ ಅಂತ ಕೇಳಿದರೆ ಅವರು ಏನು ಹೇಳುತ್ತಾರೋ ನೋಡಿ.

ಬುಲೆಟ್ ಓಡುವುದಿಲ್ಲ, ಮೇಲೆ ಕೋಳಿ ಕೂರುತ್ತಿದೆ, ಸೀಟಿನಲ್ಲಿ ಇಲಿ ಗೂಡು ಇದೆ. ಆದರೆ ಹೆಡ್‌ಲೈಟಿನ ಅಮ್ಮೀಟರ್‌ವರೆಗೂ (ಕರೆಂಟ್ ತೋರಿಸುವ ಮೀಟರ್) ಎಲ್ಲ ಇದೆ, ಆರ್‌ಸಿ ಮಾವನ ಹೆಸರಲ್ಲೇ ಇದೆ, ಅವರೂ ಗಟ್ಟಿಮುಟ್ಟಾಗಿದ್ದಾರೆ. ಈ ಭಾನುವಾರ ಹೋಗುವಾಗ ಒಂದು ಟಾರ್ಚ್, ಒಂದು ಅಯಸ್ಕಾಂತ, ಪೆನ್ಸಿಲ್ಲು ಕಾಗದ ಜೇಬಿನಲ್ಲಿಟ್ಟುಕೊಳ್ಳಿ. ಟ್ಯಾಂಕಿನ ಸುತ್ತ ಅಯಸ್ಕಾಂತ ಆಡಿಸಿ, ಅಂಟದ ಕಡೆ ಬಣ್ಣದ ಕೆಳಗೆ ಪುಟ್ಟಿ (ಗುಳಿ ಮುಚ್ಚುವ ಲೇಪ) ತುಂಬಿದ್ದಾರೆ ಅಂತ ಅರ್ಥ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ತುಕ್ಕು ನೋಡಿ. ನಂಬರ್ ಅಚ್ಚು ತೆಗೆದುಕೊಳ್ಳಿ. ಕಿಕ್ಕರನ್ನು ಕಾಲಲ್ಲಿ ಬೇಡ, ಕೈಯಲ್ಲಿ ಒತ್ತಿ. ಅಲ್ಲಾಡದಿದ್ದರೂ ಬೇಜಾರಾಗಬೇಡಿ, ಡೀಸೆಲ್ ಕ್ಯಾನ್ ಜೊತೆಯಲ್ಲೇ ಇರಲಿ. ಬೆಲೆ ಎಷ್ಟು ಅಂತ ಮಾವನ ಹತ್ತಿರ ನೀವು ಕೇಳಬೇಡಿ, ಮನೆಯವರ ಕೈಲಿ ಕೇಳಿಸಿ.